ಬೆಟ್ಟ ನಮ್ಮದು, ಹೊಳೆ ನಮ್ಮದು, ಕಡತ ಯಾರದು?

(ಚಿಕ್ಕಮಗಳೂರಿನಲ್ಲಿ ಸೇರಿದ್ದ ಯುವಜನರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ನೆಲ, ಜಲ, ಭಾಷೆ. ಈ ಮೂರು ಮಾತನ್ನು ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಬಾವುಟ ಹಿಡಿದಾಗ ಹೇಳುತ್ತೇವೆ, ನವೆಂಬರ್ ಒಂದರಂದು ಗಂಟಲು ಕಟ್ಟುವಷ್ಟು ಜೋರಾಗಿ ಹೇಳುತ್ತೇವೆ. ಆದರೆ ಯಾರಾದರೂ ನಿಲ್ಲಿಸಿ, "ಸ್ವಾಮಿ, ನೀರಿಗೂ ಭಾಷೆಗೂ ಏನು ಸಂಬಂಧ?" ಎಂದು ಕೇಳಿದರೆ ನಮ್ಮಲ್ಲಿ ಬಹಳ ಜನ ತಡವರಿಸುತ್ತೇವೆ. ಇವತ್ತು ನಾನು ಆ ಸಂಬಂಧದ ಬಗ್ಗೆಯೇ ಮಾತಾಡುತ್ತೇನೆ. ಘೋಷಣೆ ಕೂಗುವುದಕ್ಕೆ ಸಂಜೆ ಮೆರವಣಿಗೆ ಇದೆ. ಈಗ ಸ್ವಲ್ಪ ಲೆಕ್ಕ ಮಾಡೋಣ.

ನಿಮ್ಮ ನಲ್ಲಿಯ ತವರು

ಬೆಂಗಳೂರಿನಿಂದ ಬಂದವರು ಕೈ ಎತ್ತಿ. ಪರವಾಗಿಲ್ಲ, ಅರ್ಧಕ್ಕಿಂತ ಹೆಚ್ಚೇ ಇದ್ದೀರಿ. ನಿಮ್ಮ ಮನೆಯ ನಲ್ಲಿಯಲ್ಲಿ ಬರುವ ನೀರು ಎಲ್ಲಿಯದು? ಕಾವೇರಿ ಎನ್ನುತ್ತೀರಿ, ಸರಿ. ಆ ಕಾವೇರಿ ಕೊಡಗಿನ ತಲಕಾವೇರಿಯಿಂದ ಒಬ್ಬಳೇ ಬರುವುದಿಲ್ಲ. ಇಲ್ಲಿಂದ ಮೂಡಿಗೆರೆ ಕಡೆಗೆ ಹೋದರೆ ಜಾವಳಿ ಅಂತ ಒಂದು ಊರಿದೆ. ಹೇಮಾವತಿ ಹುಟ್ಟುವುದು ಆ ಕಡೆಯ ಬೆಟ್ಟದಲ್ಲಿ. ಅಲ್ಲಿಂದ ಸಕಲೇಶಪುರ ದಾಟಿ, ಗೊರೂರು ಅಣೆಕಟ್ಟೆ ತುಂಬಿ, ಕೊನೆಗೆ ಕನ್ನಂಬಾಡಿ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಆ ನೀರನ್ನೇ ಕೆಳಗೆ ಹಿಡಿದು, ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪು ಮಾಡಿ ನಿಮ್ಮ ಮನೆಗೆ ತರುತ್ತಾರೆ. ಮಲ್ಲೇಶ್ವರದಲ್ಲಿ ಕಾಫಿಗೆ ಇಡುವ ನೀರಿನಲ್ಲಿ ಮೂಡಿಗೆರೆಯ ಹಳ್ಳದ ಪಾಲಿದೆ. ಕಾಫಿ ಪುಡಿ ಮಾತ್ರ ನಮ್ಮಲ್ಲಿಂದ ಬರುತ್ತದೆ ಅಂದುಕೊಂಡಿದ್ದಿರಿ, ನೀರೂ ಇಲ್ಲಿಂದಲೇ ಬರುತ್ತದೆ.

ಇದೊಂದೇ ಹೊಳೆಯ ಕತೆ ಅಲ್ಲ. ಕುದುರೆಮುಖ ಸಾಲಿನ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುತ್ತಾರೆ. ಬಾಬಾಬುಡನ್‌ಗಿರಿಯ ಈಚೆ ಬದಿಯ ಹಳ್ಳಗಳು ಅಯ್ಯನಕೆರೆ, ಮದಗದ ಕೆರೆ ತುಂಬಿಸಿ, ಮುಂದೆ ಕಡೂರಿನ ಹತ್ತಿರ ವೇದಾವತಿಯಾಗಿ, ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗುತ್ತವೆ. 2022ರಲ್ಲಿ ಆ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಚಿತ್ರದುರ್ಗದ ಜನ ಜಾತ್ರೆ ಥರ ನೋಡಲು ಹೋದರು. ಮಂಗಳೂರಿಗೆ ನೇತ್ರಾವತಿ, ಶಿವಮೊಗ್ಗಕ್ಕೆ ತುಂಗೆ, ದಾವಣಗೆರೆಯ ಗದ್ದೆಗೆ ಭದ್ರೆ, ಬೆಂಗಳೂರಿಗೆ ಹೇಮಾವತಿ. ಒಂದು ಜಿಲ್ಲೆಯ ಬೆಟ್ಟ ಇಷ್ಟು ಊರಿಗೆ ನೀರು ಕುಡಿಸುತ್ತದೆ. ಆದ್ದರಿಂದ ಈ ಬೆಟ್ಟದ ಮೇಲೆ ಸರ್ಕಾರ ಮಾಡುವ ಒಂದೊಂದು ತೀರ್ಮಾನವೂ ನಿಮ್ಮ ಮನೆಯ ವಿಚಾರ. "ಅದು ಮಲೆನಾಡಿನವರ ಗೋಳು" ಎಂದು ನೀವು ಪಕ್ಕಕ್ಕೆ ಸರಿಯುವ ಹಾಗಿಲ್ಲ.

ಬೆಟ್ಟ ನೀರು ಕೊಡುವ ರೀತಿ

ವಿಧಾನಸೌಧದಲ್ಲಿ ಕೂತವರಿಗೆ ಬೆಟ್ಟ ಅಂದರೆ ಒಂದು ದೊಡ್ಡ ಟ್ಯಾಂಕು. ಮೇಲಿಂದ ಮಳೆ ಬೀಳುತ್ತದೆ, ಕೆಳಗೆ ಕೊಳವೆ ಇಟ್ಟರೆ ನೀರು ಬರುತ್ತದೆ. ಆದರೆ ಮಳೆ ಬೀಳುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ನಮಗೆ ನೀರು ಬೇಕಾಗಿರುವುದು ಏಪ್ರಿಲ್‌ನಲ್ಲಿ. ನಡುವಿನ ಏಳೆಂಟು ತಿಂಗಳು ಆ ನೀರನ್ನು ಹಿಡಿದಿಟ್ಟುಕೊಳ್ಳುವವರು ಯಾರು?

ಮುಳ್ಳಯ್ಯನಗಿರಿಗೆ ಹೋದಾಗ ನೋಡಿ. ಮೇಲೆ ಬರೀ ಹುಲ್ಲು, ಮಡಿಕೆಗಳಲ್ಲಿ ದಟ್ಟವಾದ ಶೋಲಾ ಕಾಡು. ಪ್ರವಾಸಿಗರು ಆ ಹುಲ್ಲನ್ನು ಬೋಳುಗುಡ್ಡ ಎನ್ನುತ್ತಾರೆ. ಆ ಹುಲ್ಲು ಮಳೆಯ ಪೆಟ್ಟನ್ನು ತಡೆಯುತ್ತದೆ, ಅದರ ಬೇರು ನೀರನ್ನು ಮಣ್ಣಿಗೆ ಇಳಿಸುತ್ತದೆ, ಶೋಲಾ ಅದನ್ನು ಹಿಡಿದು ಬೇಸಿಗೆಯ ತನಕ ಹನಿ ಹನಿಯಾಗಿ ಹಳ್ಳಕ್ಕೆ ಬಿಡುತ್ತದೆ. ಕೆಳಗೆ ಕಣಿವೆಯಲ್ಲಿ ಹಡ್ಲು ಗದ್ದೆ, ಬದು ಕಟ್ಟಿ ನಾಲ್ಕು ತಿಂಗಳು ನೀರು ನಿಲ್ಲಿಸುವ ಜಾಗ. ಅದರಿಂದ ಬಾವಿಗೆ ಒರತೆ. ನಮ್ಮ ಹಿರಿಯರು ಮನೆಗೆ ಅಬ್ಬಿ ನೀರು ತಂದದ್ದು ಈ ವ್ಯವಸ್ಥೆಯನ್ನು ನಂಬಿ. ಅಡಿಕೆ ದಂಬೆ ಜೋಡಿಸಿದರು, ನೀರು ತಾನಾಗಿ ಬಚ್ಚಲಿಗೆ ಬಂತು. ಕರೆಂಟು ಬೇಕಿರಲಿಲ್ಲ, ಮೋಟಾರು ಸುಡುತ್ತಿರಲಿಲ್ಲ.

ಈಗ ಏನಾಗಿದೆ? ಹುಲ್ಲುಗುಡ್ಡದ ಪಕ್ಕದಲ್ಲಿ ಹಿಟಾಚಿ ತಂದು ಬರೆ ಕಡಿದು ರೆಸಾರ್ಟಿಗೆ ರಸ್ತೆ. ಹಡ್ಲು ಗದ್ದೆ ಪಾಳು ಬಿತ್ತು, ಇಲ್ಲವೇ ಮಣ್ಣು ತುಂಬಿಸಿ ಸೈಟು. 2019ರಲ್ಲಿ ಜಲಜೀವನ ಮಿಷನ್ ಬಂತು, ಮನೆಮನೆಗೆ ಗಂಗೆ ಅಂದರು. ಮನೆ ಮುಂದೆ ನಲ್ಲಿ ಬಂದರೆ ಬೇಡ ಎನ್ನುವವರು ಯಾರೂ ಇಲ್ಲ. ಆದರೆ ಬಯಲುಸೀಮೆಗೂ ಮಲೆನಾಡಿಗೂ ಒಂದೇ ನಕ್ಷೆ ಇಟ್ಟುಕೊಂಡು ಕೊಳವೆಬಾವಿ ಕೊರೆದು ಟ್ಯಾಂಕು ಕಟ್ಟಿದರೆ, ಅಬ್ಬಿಯ ಮೂಲ ಕಾಯುವವರು ಯಾರು? ಕೊಳವೆಗೆ ದುಡ್ಡಿದೆ. ಕೊಳವೆಯೊಳಗೆ ಹೋಗಬೇಕಾದ ನೀರಿಗೆ ದುಡ್ಡಿಲ್ಲ.

ಅದರ ಮೇಲೆ ಹವಾಮಾನ. ಕಾಫಿ ಬೆಳೆಯುವ ಮನೆಯಲ್ಲಿ ಹುಟ್ಟಿದವರಿಗೆ ಇದಕ್ಕೆ ಪುಸ್ತಕ ಬೇಡ. ಹೂಮಳೆ ಮಾರ್ಚ್, ಏಪ್ರಿಲ್‌ನಲ್ಲಿ ಬರಬೇಕು. ಬಂದ ಮೇಲೆ ಒಂದು ಲೆಕ್ಕದಲ್ಲಿ ಬ್ಯಾಕಿಂಗ್ ಮಳೆ ಬರಬೇಕು. 2021ರ ಜನವರಿಯಲ್ಲಿ ಏನಾಯಿತು? ಕೊಯ್ಲಿನ ನಡುವೆ ಮಳೆ ಸುರಿದು ಗಿಡದಲ್ಲಿದ್ದ ಹಣ್ಣು ಉದುರಿತು, ಕಣದಲ್ಲಿದ್ದ ಕಾಫಿ ನೆನೆಯಿತು. ಮೂರು ತಿಂಗಳ ಮಳೆ ಮೂರು ದಿನಕ್ಕೆ ಬಂದಂತೆ ಸುರಿಯುವ ಕಾಲ ಇದು. ಇಂಥ ಕಾಲದಲ್ಲಿ ಬೆಟ್ಟದ ಹೀರುವ ಶಕ್ತಿಯನ್ನು ಉಳಿಸಿಕೊಳ್ಳಬೇಕಾದ ಸರ್ಕಾರವೇ ಅದನ್ನು ಕಡಿಯಲು ಅನುಮತಿ ಕೊಟ್ಟರೆ ಏನನ್ನೋಣ?

ಕೊಳವೆ ಹಾಕಿದರು, ಕೆರೆ ಮರೆತರು

ಈಗ ನಾವು ಕೂತಿರುವ ಊರನ್ನೇ ನೋಡೋಣ. ಚಿಕ್ಕಮಗಳೂರಿನ ಜನಸಂಖ್ಯೆ 2011ರ ಗಣತಿಯಲ್ಲಿ 1,18,401. ಈ ಊರು ನೀರು ಕುಡಿಯುವುದು ಎರಡು ಕಡೆಯಿಂದ. ಒಂದು ಹಿರೇಕೊಳಲೆ ಕೆರೆ. ಇನ್ನೊಂದು ಯಗಚಿ. ಯಗಚಿ ಹುಟ್ಟುವುದು ಎಲ್ಲಿ? ನಮ್ಮ ತಲೆಯ ಮೇಲಿರುವ ಇದೇ ಬಾಬಾಬುಡನ್‌ಗಿರಿ ಸಾಲಿನಲ್ಲಿ. ಹುಟ್ಟಿದ ಹೊಳೆ ಊರಿನ ಪಕ್ಕದಲ್ಲೇ ಹರಿದು ಬೇಲೂರಿಗೆ ಇಳಿಯುತ್ತದೆ. ಅಲ್ಲಿ ಅಣೆಕಟ್ಟೆಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಕರೆಂಟು ಸುಟ್ಟು ಪಂಪು ಮಾಡಿ ಮತ್ತೆ ಚಿಕ್ಕಮಗಳೂರಿಗೆ ಏರಿಸುತ್ತೇವೆ! ಅಜ್ಜನ ಮನೆಯ ಅಂಗಳದಲ್ಲಿ ಬಿದ್ದ ಮಳೆಯನ್ನು ಅಳಿಯನ ಮನೆಯಿಂದ ಕೊಡದಲ್ಲಿ ಹೊತ್ತು ತಂದ ಹಾಗೆ.

ಅಣೆಕಟ್ಟೆಯ ನೀರು ಬೇಡ ಎಂದು ನಾನು ಹೇಳುತ್ತಿಲ್ಲ. ಬೇಸಿಗೆಯಲ್ಲಿ ಅದೇ ಗತಿ. ನಾನು ಕೇಳುವುದು, ಊರೊಳಗಿನ ಕೆರೆಗಳನ್ನು ಏನು ಮಾಡಿದಿರಿ? ಬಸವನಹಳ್ಳಿ ಕೆರೆ, ಕೋಟೆ ಕೆರೆ, ದಂಟರಮಕ್ಕಿ ಕೆರೆ. ಇವು ಬೋಟಿಂಗ್‌ಗೆ, ಸಂಜೆಯ ವಾಕಿಂಗಿಗೆ ಹುಟ್ಟಿದ ಕೆರೆಗಳಲ್ಲ. ಬೆಟ್ಟದ ನೀರು ಇಳಿದು ಬಂದಾಗ ನಿಲ್ಲಿಸಿ, ಅಕ್ಕಪಕ್ಕದ ಬಾವಿಗಳಿಗೆ ಒರತೆ ಕೊಡಲು ಕಟ್ಟಿಸಿದ ಕೆರೆಗಳು. ಕೆರೆ ಅಭಿವೃದ್ಧಿ ಎಂದರೆ ನಮ್ಮವರ ಪ್ರಕಾರ ಸುತ್ತ ಕಲ್ಲು ಕಟ್ಟಿ, ಗ್ರಿಲ್ ಹಾಕಿ, ಬಣ್ಣದ ದೀಪ ಹಚ್ಚುವುದು. ಕೆರೆಗೆ ನೀರು ತರುವ ರಾಜಕಾಲುವೆ ಎಲ್ಲಿದೆ, ಎಷ್ಟು ಅಗಲ ಇತ್ತು, ಈಗ ಎಷ್ಟಿದೆ ಎಂದು ಕೇಳಿ ನೋಡಿ.

2015ರಲ್ಲಿ ಕೇಂದ್ರದ ಅಮೃತ್ ಯೋಜನೆ ಬಂತು. ದಿನವಿಡೀ ನೀರು ಎಂದು ಆಸೆ ಹುಟ್ಟಿಸಿದರು. ಬೀದಿ ಬೀದಿ ಅಗೆದರು. 2020ರ ಗಡುವು ದಾಟಿದರೂ ಕೆಲಸ ಮುಗಿಯಲಿಲ್ಲ. ಅತ್ತ ಹೊಸ ಬಡಾವಣೆಗಳಿಗೆ ಮಾತ್ರ ಮಂಜೂರಾತಿ ನಿಲ್ಲಲಿಲ್ಲ. ಬಡಾವಣೆ ಮಾಡುವ ಮೊದಲು ನೀರು ಎಲ್ಲಿಂದ, ಕೊಳಚೆ ಎಲ್ಲಿಗೆ ಎಂದು ಕೇಳುವುದು ನಗರ ಯೋಜನೆಯ ಮೊದಲ ಪಾಠ. ಮಾಸ್ಟರ್ ಪ್ಲಾನ್ ಮಾಡುವಾಗ ಜನರ ಆಕ್ಷೇಪಣೆ ಕೇಳಬೇಕು ಎಂದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯೇ ಹೇಳುತ್ತದೆ. ಇಲ್ಲಿ ಕೂತವರಲ್ಲಿ ಎಷ್ಟು ಜನ ನಿಮ್ಮ ಊರಿನ ಮಾಸ್ಟರ್ ಪ್ಲಾನ್ ನೋಡಿದ್ದೀರಿ? ಒಂದು ಕೈಯೂ ಏಳಲಿಲ್ಲ. ನೀವು ನೋಡದೆ ಹೋದ ಆ ನಕ್ಷೆಯನ್ನು ಸೈಟು ಮಾರುವವನು ಮೊದಲೇ ನೋಡಿರುತ್ತಾನೆ.

ಬೆಂಗಳೂರಿನವರೂ ನಗಬೇಡಿ. 2024ರ ಬೇಸಿಗೆಯಲ್ಲಿ ನಗರದ ಸುಮಾರು 14,000 ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಅದೇ ವರ್ಷ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್, ನಗರಕ್ಕೆ ಸೇರಿಸಿಕೊಂಡ 110 ಹಳ್ಳಿಗಳಿಗೆ. ಆ ಹಳ್ಳಿಗಳ ಜನ ವರ್ಷಗಟ್ಟಲೆ ಟ್ಯಾಂಕರ್ ಕಾದವರು, ಅವರಿಗೆ ನೀರು ಸಿಗಲೇಬೇಕು. ಆದರೆ ಅದೇ ನಗರದಲ್ಲಿ ವರ್ಷಾನುಗಟ್ಟಲೆ ನಾಲ್ಕರಲ್ಲೊಂದು ಪಾಲಿಗೂ ಹೆಚ್ಚು ನೀರು ಸೋರಿಕೆಯಲ್ಲಿ, ಕಳವಿನಲ್ಲಿ, ಲೆಕ್ಕಕ್ಕೆ ಸಿಗದೆ ಹೋಯಿತು. ಸೋರುವ ಕೊಡಕ್ಕೆ ಇನ್ನೊಂದು ಹೊಳೆ ತಂದು ಸುರಿಯುವುದೇ ಯೋಜನೆಯೆ? 2019ರಲ್ಲಿ ಲಿಂಗನಮಕ್ಕಿಯಿಂದ ಶರಾವತಿಯನ್ನೂ ಬೆಂಗಳೂರಿಗೆ ತರುತ್ತೇವೆ ಎಂದಾಗ ಶಿವಮೊಗ್ಗ ಜಿಲ್ಲೆ ಬಂದ್ ಮಾಡಿ ಉತ್ತರ ಕೊಟ್ಟಿತು.

ಕುದುರೆಮುಖದ ಪಾಠ

ಹೀಗೆ ಬೆಟ್ಟವನ್ನು ಕೇಳದೆ ಬೆಟ್ಟದ ಮೇಲೆ ತೀರ್ಮಾನ ಮಾಡುವ ಚಾಳಿ ಇಂದಿನದಲ್ಲ. ಕಳಸದಿಂದ ಹೊರಟು ಸಂಸೆ ದಾಟಿದರೆ ಕುದುರೆಮುಖ. 1976ರಲ್ಲಿ ಕೇಂದ್ರ ಸರ್ಕಾರ ಅಲ್ಲಿ ಕಬ್ಬಿಣದ ಅದಿರು ಕಂಪನಿ ಸ್ಥಾಪಿಸಿತು. ಅದಿರು ಬೇಕಾಗಿದ್ದು ಇರಾನಿನ ಷಾಗೆ. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಷಾ ಓಡಿಹೋದ. ಷಾ ಹೋದ, ಗಣಿ ಉಳಿಯಿತು. ಬೆಟ್ಟ ಕಡಿದು, ಅರೆದು, ನೀರಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಪಣಂಬೂರಿಗೆ ಕಳಿಸಿದರು. ಉಳಿದ ಕೆಸರನ್ನು ನಿಲ್ಲಿಸಲು ಲಕ್ಯಾ ಹೊಳೆಗೆ ಅಡ್ಡಲಾಗಿ ನೂರು ಮೀಟರ್ ಎತ್ತರದ ಅಣೆಕಟ್ಟೆ. ಮಳೆಗಾಲದಲ್ಲಿ ಭದ್ರೆ ಕೆಂಪಾಗಿ ಹರಿದಳು.

1987ರಲ್ಲಿ ಸುತ್ತಲಿನ ಕಾಡನ್ನು ರಾಷ್ಟ್ರೀಯ ಉದ್ಯಾನ ಎಂದು ಘೋಷಿಸಿದರು, ಗಣಿಯೂ ನಡೆಯಿತು. 1999ರಲ್ಲಿ ಗುತ್ತಿಗೆ ಮುಗಿಯಿತು, ಆದರೂ ಗಣಿ ನಿಲ್ಲಲಿಲ್ಲ. ಸಾಮಾನ್ಯ ಜನ, ವಿದ್ಯಾರ್ಥಿಗಳು, ಬರಹಗಾರರು ಬೀದಿಗಿಳಿದರು. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು. 2005ರ ಕೊನೆಗೆ ಗಣಿ ನಿಂತಿತು.

ಇದರಿಂದ ಕಲಿಯುವ ಪಾಠ ಎರಡು. ಒಂದು, ಸರ್ಕಾರದ ತೀರ್ಮಾನ ಬ್ರಹ್ಮಲಿಪಿ ಅಲ್ಲ, ಕಾಗದ ಓದಿ ಪಟ್ಟು ಹಿಡಿದರೆ ಬದಲಾಗುತ್ತದೆ. ಎರಡು, ತಪ್ಪು ತೀರ್ಮಾನ ನಿಂತ ಮೇಲೂ ಅದರ ಸಾಲ ತೀರುವುದಿಲ್ಲ. ಆ ಕೆಸರಿನ ಗುಡ್ಡ ಇನ್ನೂ ಲಕ್ಯಾದಲ್ಲಿದೆ, ಅದರ ಕೆಳಗೆ ಭದ್ರೆ ಇದ್ದಾಳೆ. ಗಣಿಯನ್ನು ನಂಬಿ ಬಂದ ಕಾರ್ಮಿಕರ ಊರು ಖಾಲಿಯಾಯಿತು. ಲಾಭ ಮಾಡಿಕೊಂಡವರು ಊರು ಬಿಟ್ಟರು.

ಮಧುಗುಂಡಿಯವರಿಗೆ ಯಾರು ಉತ್ತರ ಹೇಳಬೇಕು?

2019ರ ಆಗಸ್ಟ್ ನೆನಪಿದೆಯೆ? ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ, ಕಳಸ ಕಡೆಯ ಚನ್ನಡ್ಲು. ಗುಡ್ಡ ಜಾರಿ ಬಂತು. ತೋಟ, ಗದ್ದೆ, ಮನೆ, ರಸ್ತೆ ಒಂದೇ ರಾಡಿಯಾಯಿತು. ಚಾರ್ಮಾಡಿ ಘಾಟಿ ಕಟ್ಟಾಯಿತು. ಕಳಸ ಮತ್ತು ಹೊರನಾಡಿನ ನಡುವೆ ಎಷ್ಟೋ ಮಳೆಗಾಲ ಮುಳುಗಿ ಎದ್ದ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿದಳು.

ಮಂತ್ರಿಗಳು ಬಂದರು, ಫೋಟೋ ತೆಗೆಸಿಕೊಂಡರು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ಎಂದರು. ಒಳ್ಳೆಯದೇ. ಆದರೆ ಎಲ್ಲಿ ಕಟ್ಟುವುದು? ಮನೆಯ ಜೊತೆ ಜಾಗವೂ ಹೋಗಿತ್ತು. ಕಾಫಿ ಗಿಡ ಹೋಗಿತ್ತು, ಗಿಡದ ಕೆಳಗಿನ ಮಣ್ಣೂ ಹೋಗಿತ್ತು. ಬದಲಿ ಜಮೀನು, ಬದಲಿ ನಿವೇಶನ ಎಂಬ ಮಾತು ಹಿಡಿದುಕೊಂಡು ಆ ಕುಟುಂಬಗಳು ವರ್ಷಗಟ್ಟಲೆ ಕಚೇರಿ ಅಲೆದವು. ತೋಟದ ಮಾಲೀಕನಿಗೆ ಪಹಣಿಯಾದರೂ ಇದೆ, ಅವನು ಅರ್ಜಿ ಹಾಕಬಹುದು. ಲೈನ್ ಮನೆಯಲ್ಲಿ ಬದುಕುವ ಕೂಲಿಯವನ ಹೆಸರು ಯಾವ ದಾಖಲೆಯಲ್ಲಿದೆ? ಧರೆ ಕುಸಿದಾಗ ಮೊದಲು ಸಾಯುವವನು ಬೆಟ್ಟದ ಬುಡದಲ್ಲಿ ಮಲಗಿದವನು.

ಹಿಂದಿನ ವರ್ಷ, 2018ರಲ್ಲಿ ಕೊಡಗಿನಲ್ಲಿ ಇದೇ ಆಯಿತು. ಭೂವೈಜ್ಞಾನಿಕ ಸರ್ವೇಕ್ಷಣಾಲಯದವರು ಬಂದು ನೋಡಿ, ಮಳೆಯ ಜೊತೆಗೆ ಇಳಿಜಾರನ್ನು ಮನುಷ್ಯರು ಬೇಕಾಬಿಟ್ಟಿ ಕಡಿದದ್ದೂ ಕಾರಣ ಎಂದರು. ಅಂದರೆ ಮಳೆ ದೇವರದ್ದಾದರೂ ಬರೆ ಕಡಿಯಲು ಕೊಟ್ಟ ಪರವಾನಗಿ ಸರ್ಕಾರದ್ದು. ಎಲ್ಲಿ ಕುಸಿಯಬಹುದು ಎಂದು ಗುರುತಿಸಿದ ನಕ್ಷೆಗಳು ಇಲಾಖೆಗಳಲ್ಲಿ ಇರುತ್ತವೆ. ಆ ನಕ್ಷೆ ಬೇಕಾಗಿರುವುದು ಕಳಸದ ಪಂಚಾಯಿತಿ ಗೋಡೆಯ ಮೇಲೆ, ಕನ್ನಡದಲ್ಲಿ, "ಈ ಗುಡ್ಡದ ಕೆಳಗೆ ಮನೆ ಕಟ್ಟಬೇಡಿ, ಈ ಮಳೆ ಮೀರಿದರೆ ಇಲ್ಲಿಂದ ಹೊರಡಿ" ಎಂದು ನೇರವಾಗಿ ಬರೆದು. ನೀರಿಗೂ ಭಾಷೆಗೂ ಏನು ಸಂಬಂಧ ಎಂದು ಕೇಳಿದೆನಲ್ಲ, ಇದು ಮೊದಲನೆಯ ಉತ್ತರ. ಇಲ್ಲಿ ಭಾಷೆ ಎಂದರೆ ಪ್ರಾಣ.

ಎತ್ತಿನಹೊಳೆಯ ಲೆಕ್ಕ

ಮೂಡಿಗೆರೆಗೆ ತಾಗಿಕೊಂಡೇ ಸಕಲೇಶಪುರ ತಾಲ್ಲೂಕು. ಅಲ್ಲಿ ನೇತ್ರಾವತಿಗೆ ಸೇರುವ ಎತ್ತಿನಹೊಳೆಯನ್ನು ಪೂರ್ವಕ್ಕೆ ತಿರುಗಿಸಿ ಕೋಲಾರ, ಚಿಕ್ಕಬಳ್ಳಾಪುರಕ್ಕೆ ನೀರು ಕೊಡುವ ಯೋಜನೆ. 24.01 ಟಿಎಂಸಿ ಎಂದು ಸರ್ಕಾರದ ಲೆಕ್ಕ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಅಧ್ಯಯನ ಮಾಡಿ, ಅಲ್ಲಿ ಸಿಗುವುದೇ 9.55 ಟಿಎಂಸಿ ಎಂದಿತು. ಇರುವ ನೀರಿಗಿಂತ ಎರಡೂವರೆ ಪಟ್ಟು ನೀರನ್ನು ಕಡತದಲ್ಲಿ ಹರಿಸಿದ್ದಾರೆ ಎಂದಾಯಿತು. ವೆಚ್ಚ 2012ರಲ್ಲಿ 8,323 ಕೋಟಿ. 2014ರಲ್ಲಿ 12,912 ಕೋಟಿ. 2023ರಲ್ಲಿ 23,251 ಕೋಟಿ. ಕಾಲುವೆಯಲ್ಲಿ ನೀರು ಏರದಿದ್ದರೂ ಅಂದಾಜು ಪಟ್ಟಿ ಏರಿತು! 2024ರ ಸೆಪ್ಟೆಂಬರ್ 6ರಂದು ಮೊದಲ ಹಂತಕ್ಕೆ ಪೂಜೆ ಮಾಡಿದರು. ಆ ದಿನ ಕೋಲಾರಕ್ಕೆ ಒಂದು ಹನಿಯೂ ತಲುಪಿರಲಿಲ್ಲ. ಹತ್ತು ವರ್ಷ ಹಿಂದೆ, 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆಯ ಚಪ್ಪಾಳೆ ತಟ್ಟಿದ ರೈತ ಇನ್ನೂ ಆಕಾಶ ನೋಡುತ್ತಿದ್ದ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತೇನೆ. ಕೋಲಾರದವರು ನಮ್ಮ ವೈರಿಗಳಲ್ಲ. ಅವರ ಬಾಯಾರಿಕೆ ನಿಜ. ಸಾವಿರ ಅಡಿ ಕೊರೆದರೂ ನೀರಿಲ್ಲದ ನೆಲ ಅದು. ಬೆಂಗಳೂರು ಕುಡಿದು ಬಳಸಿದ ನೀರನ್ನು ಎರಡು ಹಂತ ಸಂಸ್ಕರಿಸಿ ದಿನಕ್ಕೆ 44 ಕೋಟಿ ಲೀಟರ್ ಲೆಕ್ಕದಲ್ಲಿ ಅವರ ಕೆರೆಗೆ ಬಿಡುವ ಯೋಜನೆಯನ್ನು 2018ರಲ್ಲಿ ಆರಂಭಿಸಿದರು. ಹೇಮಾವತಿಯ ನೀರು ಹೀಗೆ ಸುತ್ತಿ ಬಳಸಿ, ಕೊಳಚೆಯಾಗಿ ಕೋಲಾರಕ್ಕೆ ಹೋಗುವುದು! ಮಲೆನಾಡಿನವನನ್ನೂ ಬಯಲುಸೀಮೆಯವನನ್ನೂ ಎದುರುಬದುರು ನಿಲ್ಲಿಸಿ ಜಗಳ ಹಚ್ಚುವುದು ಆಳುವವರಿಗೆ ಅನುಕೂಲ. ಇಬ್ಬರೂ ಕೂತು ಅಂದಾಜು ಪಟ್ಟಿ ಓದಿದರೆ ಗುತ್ತಿಗೆದಾರನಿಗೆ ಕಷ್ಟ.

ಇನ್ನು ಆ ಯೋಜನೆಯ ಹೆಸರು ನೋಡಿ. "ಸಮಗ್ರ ಕುಡಿಯುವ ನೀರಿನ ಯೋಜನೆ." ಕುಡಿಯುವ ನೀರು ಎಂಬ ಮಾತಿನಲ್ಲಿ ದೊಡ್ಡ ಮಸಲತ್ತಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಕುಡಿಯುವ ನೀರಿನ ಯೋಜನೆಗೆ ಪರಿಸರ ಅನುಮತಿ ಬೇಕಿಲ್ಲ. ಅನುಮತಿ ಬೇಡ ಎಂದರೆ ಸಾರ್ವಜನಿಕ ವಿಚಾರಣೆಯೂ ಬೇಡ. ಆದರೆ ಆ 24 ಟಿಎಂಸಿಯಲ್ಲಿ ಕುಡಿಯಲು 14.056, ಉಳಿದ 9.953 ಟಿಎಂಸಿ 527 ಕೆರೆ ತುಂಬಿಸಲು ಎಂದು ಅವರದೇ ಕಾಗದ ಹೇಳುತ್ತದೆ. ಕೆರೆ ತುಂಬಿಸುವುದು ತಪ್ಪಲ್ಲ. ಆದರೆ ಕಾಡು ಕಡಿದು, ಗುಡ್ಡ ಸಿಡಿಸಿ, ಹೊಳೆ ತಿರುಗಿಸುವ ಕೆಲಸಕ್ಕೆ ಒಂದು ಪದದ ಮರೆಯಲ್ಲಿ ಜನರನ್ನು ಕೇಳದೆ ಹೋಗುವುದು ತಪ್ಪು. 2019ರಲ್ಲಿ ಹಸಿರು ನ್ಯಾಯಮಂಡಳಿಯೂ ಯೋಜನೆಯನ್ನು ತಡೆಯಲಿಲ್ಲ. ಕಾನೂನಿನ ಬಾಗಿಲು ಮುಚ್ಚಿತು ಎಂದ ಮಾತ್ರಕ್ಕೆ ಪ್ರಶ್ನೆ ಮುಗಿಯಿತೆ?

ಇಂಗ್ಲಿಷಿನಲ್ಲಿ ಬಂದ ವರದಿ, ಕನ್ನಡದಲ್ಲಿ ಬಂದ ಭಯ

ಈಗ ನಮ್ಮ ಬೆಟ್ಟಗಳಲ್ಲಿ ಎಲ್ಲರ ಬಾಯಲ್ಲೂ ಇರುವ ಹೆಸರಿಗೆ ಬರುತ್ತೇನೆ. ಕಸ್ತೂರಿರಂಗನ್ ವರದಿ.

ಅದಕ್ಕೂ ಮೊದಲು ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿ ವರದಿ ಕೊಟ್ಟಿತ್ತು. ಗ್ರಾಮಸಭೆಯಿಂದಲೇ ತೀರ್ಮಾನ ಬರಲಿ ಎಂದ ವರದಿ ಅದು. ದೆಹಲಿ ಏನು ಮಾಡಿತು? ಬಚ್ಚಿಟ್ಟುಕೊಂಡಿತು! 2012ರಲ್ಲಿ ಕೇಂದ್ರ ಮಾಹಿತಿ ಆಯೋಗ ಬಹಿರಂಗಪಡಿಸಿ ಎಂದು ಆದೇಶಿಸಿದರೆ ಸರ್ಕಾರ ದೆಹಲಿ ಹೈಕೋರ್ಟಿಗೆ ಹೋಯಿತು, ಅಲ್ಲಿಯೂ ಸೋತ ಮೇಲೆ ವರದಿ ಹೊರಬಂತು. ಬಂದದ್ದು ಇಂಗ್ಲಿಷಿನಲ್ಲಿ, ನೂರಾರು ಪುಟ. 2013ರಲ್ಲಿ ಕಸ್ತೂರಿರಂಗನ್ ಸಮಿತಿಯ ವರದಿ. ಆಮೇಲೆ 2014ರಿಂದ 2024ರವರೆಗೆ ಆರು ಸಲ ಕರಡು ಅಧಿಸೂಚನೆ. ಆರನೆಯದು ಬಂದದ್ದು 2024ರ ಜುಲೈ 31ರಂದು, ವಯನಾಡಿನಲ್ಲಿ ಗುಡ್ಡ ಜಾರಿ ನೂರಾರು ಜನ ಸತ್ತ ಮರುದಿನ. ಕರ್ನಾಟಕದ 20,668 ಚದರ ಕಿಲೋಮೀಟರ್, ಒಂದೂವರೆ ಸಾವಿರಕ್ಕೂ ಹೆಚ್ಚು ಹಳ್ಳಿ. ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಬೇಡ ಎಂದು ತಿರಸ್ಕರಿಸಿತು.

ಆ ಕರಡಿನಲ್ಲಿ ಏನಿದೆ? ಗಣಿ, ಕಲ್ಲುಕ್ವಾರಿ, ಮರಳು ಗಣಿಗೆ ನಿಷೇಧ. ಉಷ್ಣ ವಿದ್ಯುತ್ ಸ್ಥಾವರ, ಕೆಂಪು ಪಟ್ಟಿಯ ಕೈಗಾರಿಕೆಗೆ ನಿಷೇಧ. 20,000 ಚದರ ಮೀಟರ್ ಮೀರಿದ ಕಟ್ಟಡ, ದೊಡ್ಡ ಟೌನ್‌ಶಿಪ್ ಇಲ್ಲ. ಆಸ್ತಿಯ ಒಡೆತನಕ್ಕೆ, ಇರುವ ಮನೆಯ ದುರಸ್ತಿಗೆ ಅಡ್ಡಿಯಿಲ್ಲ ಎಂದೂ ಅದರಲ್ಲಿದೆ. ಕಳಸದ ಎರಡು ಎಕರೆ ಕಾಫಿ ಬೆಳೆಗಾರ 20,000 ಚದರ ಮೀಟರ್ ಕಟ್ಟಡ ಎಲ್ಲಿ ಕಟ್ಟುತ್ತಾನೆ? ಆದರೆ ಅವನಿಗೆ ತಲುಪಿದ ಸುದ್ದಿ ಬೇರೆ: "ತೋಟ ಹೋಯಿತು, ಔಷಧಿ ಹೊಡೆಯೋ ಹಾಗಿಲ್ಲ, ಹಟ್ಟಿಗೆ ಹೆಂಚು ಹೊದಿಸೋ ಹಾಗಿಲ್ಲ, ಎಬ್ಬಿಸ್ತಾರೆ." ವರದಿ ಇಂಗ್ಲಿಷಿನಲ್ಲಿ ಬಂತು, ಭಯ ಮಾತ್ರ ಅಚ್ಚ ಕನ್ನಡದಲ್ಲಿ ಬಂತು. ಆ ಭಯವನ್ನು ಮನೆಮನೆಗೆ ಹಂಚಿದವರಲ್ಲಿ ಕ್ವಾರಿಯವರಿದ್ದರು, ರೆಸಾರ್ಟಿನವರಿದ್ದರು, ಓಟಿನವರಿದ್ದರು.

ಹಾಗೆಂದು ರೈತನ ಭಯವನ್ನು ಮೂಢತನ ಎನ್ನಬೇಡಿ. ಉದ್ಯಾನ, ಮೀಸಲು ಅರಣ್ಯ, ಡೀಮ್ಡ್ ಫಾರೆಸ್ಟ್ ಎಂದು ಒಂದೊಂದು ಗೆರೆ ಎಳೆದಾಗಲೂ ಪೆಟ್ಟು ತಿಂದವನು ಅವನು. ಗಣಿ ಕಂಪನಿಗೆ ಬೆಟ್ಟ ಕೊಟ್ಟ ಸರ್ಕಾರ, ಸೌದೆ ತಂದವನ ಮೇಲೆ ಕೇಸು ಹಾಕಿದ್ದನ್ನು ಅವನು ಕಂಡಿದ್ದಾನೆ. ಅವನ ಅನುಮಾನಕ್ಕೆ ಉತ್ತರ ಕೊಡಬೇಕಾದವರು ಅವನ ಹಳ್ಳಿಗೆ ಬಂದು, ಅವನ ಮಾತಿನಲ್ಲಿ, ಸರ್ವೆ ನಂಬರ್ ಸಮೇತ ಹೇಳಬೇಕಿತ್ತು. ಆ ಕೆಲಸವನ್ನು ದೆಹಲಿಯೂ ಮಾಡಲಿಲ್ಲ, ಬೆಂಗಳೂರೂ ಮಾಡಲಿಲ್ಲ. ರಾಜ್ಯ ಸರ್ಕಾರ ತಿರಸ್ಕರಿಸಿತು, ಸರಿ. ಹಾಗಾದರೆ ಮಧುಗುಂಡಿ ಮತ್ತೆ ಆಗದಂತೆ ನಿಮ್ಮ ಸ್ವಂತ ಯೋಜನೆ ಯಾವುದು? ಅದು ಗ್ರಾಮಸಭೆಗಳಲ್ಲಿ ಹುಟ್ಟಬೇಕಿತ್ತು. ತಿರಸ್ಕಾರ ಒಂದು ನೀತಿಯಾಗುವುದಿಲ್ಲ.

ಕಾನೂನು ಕೂಡ ನೋಡಿ. 2006ರ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ವಿಚಾರಣೆಗೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕಾದದ್ದು ಸಾರಾಂಶ ಮಾತ್ರ. ಪೂರ್ಣ ವರದಿ ಇಂಗ್ಲಿಷಿನಲ್ಲಿದ್ದರೆ ಸಾಕು. ಅಂದರೆ ಕಂಪನಿಗೆ ಇಡೀ ಊಟ, ನಮಗೆ ಉಪ್ಪಿನಕಾಯಿ. 2020ರಲ್ಲಿ ಅಧಿಸೂಚನೆಯನ್ನೇ ಬದಲಿಸಲು ಹೊರಟಾಗ ಕರಡು ಇದ್ದದ್ದು ಇಂಗ್ಲಿಷ್, ಹಿಂದಿಯಲ್ಲಿ. ಎಂಟನೇ ಅನುಸೂಚಿಯ ಎಲ್ಲ ಭಾಷೆಗಳಿಗೂ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಹೇಳಿತು. ಕನ್ನಡದಲ್ಲಿ ಪ್ರಚಾರ ಮಾಡಿಲ್ಲ ಎಂಬ ವಾದ ಕೇಳಿ ನಮ್ಮ ಹೈಕೋರ್ಟ್ ಅಂತಿಮ ಅಧಿಸೂಚನೆ ಹೊರಡಿಸದಂತೆ ಕೆಲಕಾಲ ತಡೆಯಿತು. ಒಂದು ಭಾಷೆಯ ಪ್ರಶ್ನೆ ದೇಶದ ಪರಿಸರ ಕಾನೂನನ್ನೇ ತಡೆದು ನಿಲ್ಲಿಸಿತು! ನೀರಿಗೂ ಭಾಷೆಗೂ ಇರುವ ಸಂಬಂಧಕ್ಕೆ ಇದು ಎರಡನೆಯ ಉತ್ತರ.

"ತಾಂತ್ರಿಕ ವಿಷಯ, ಕನ್ನಡದಲ್ಲಿ ಬರೆಯಲಾಗದು" ಎನ್ನುವ ಅಧಿಕಾರಿಗಳಿದ್ದಾರೆ. ಅವರನ್ನು ಮೂಡಿಗೆರೆಗೆ ಕರೆದುಕೊಂಡು ಬನ್ನಿ. 2007ರಲ್ಲಿ ತೀರಿಕೊಳ್ಳುವ ತನಕ ಪೂರ್ಣಚಂದ್ರ ತೇಜಸ್ವಿ ಇಲ್ಲೇ ತೋಟದಲ್ಲಿದ್ದುಕೊಂಡು ಹಕ್ಕಿ, ಕೀಟ, ಮೀನು, ಕಾಡು, ಕಂಪ್ಯೂಟರ್ ಎಲ್ಲವನ್ನೂ ಕನ್ನಡದಲ್ಲಿ ಬರೆದರು, ಹೈಸ್ಕೂಲು ಹುಡುಗರು ಮುಗಿಬಿದ್ದು ಓದಿದರು. ಒಬ್ಬ ಮನುಷ್ಯನಿಗೆ ಸಾಧ್ಯವಾದದ್ದು 23,251 ಕೋಟಿಯ ಯೋಜನೆ ಮಾಡುವ ಸರ್ಕಾರಕ್ಕೆ ಆಗುವುದಿಲ್ಲವೆ?

ಏನು ಕೇಳಬೇಕು?

ನಾನು ಐದು ಬೇಡಿಕೆ ಇಡುತ್ತೇನೆ. ಬರೆದುಕೊಳ್ಳಿ.

ಒಂದು, ನೆಲ, ನೀರು, ಕಾಡಿಗೆ ಸಂಬಂಧಿಸಿದ ಯಾವುದೇ ಯೋಜನೆಯ ಪೂರ್ಣ ವರದಿ, ನಕ್ಷೆ ಸಮೇತ, ಕನ್ನಡದಲ್ಲಿ ಪಂಚಾಯಿತಿಗೂ ನಗರಸಭೆಗೂ ಬರಬೇಕು. ಅದಾದ ಮೇಲೆ ವಿಚಾರಣೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2024ರಲ್ಲಿ ಜಾರಿಗೆ ಬಂದಿದೆ. ಅಂಗಡಿ ಬೋರ್ಡಿಗೆ ಕೊಡುವ ಗಮನದಲ್ಲಿ ಅರ್ಧವನ್ನು ಈ ವರದಿಗಳಿಗೆ ಕೊಡಿ.

ಎರಡು, ಕುಡಿಯುವ ನೀರು ಎಂಬ ಹೆಸರಿಟ್ಟ ಮಾತ್ರಕ್ಕೆ ಹೊಳೆ ತಿರುಗಿಸುವ ಯೋಜನೆಗೆ ವಿನಾಯಿತಿ ಬೇಡ.

ಮೂರು, ನೀರಿನ ಮೂಲ ತೋರಿಸದೆ ಯಾವ ಊರಲ್ಲೂ ಹೊಸ ಬಡಾವಣೆಗೆ ಮಂಜೂರಾತಿ ಬೇಡ. ಕೆರೆ, ರಾಜಕಾಲುವೆಗಳ ನಕ್ಷೆ ಪ್ರತಿ ವಾರ್ಡಿನಲ್ಲಿ ಕನ್ನಡದಲ್ಲಿ ತೂಗಲಿ.

ನಾಲ್ಕು, 2019ರಲ್ಲಿ ಜಮೀನು ಕಳೆದುಕೊಂಡವರಿಗೆ ಜಮೀನಿಗೆ ಜಮೀನು. ಲೈನ್ ಮನೆಯವರ ಹೆಸರೂ ಪಟ್ಟಿಯಲ್ಲಿರಲಿ. ಕುಸಿಯುವ ಗುಡ್ಡಗಳ ನಕ್ಷೆ ಮಳೆಗಾಲಕ್ಕೆ ಮೊದಲು ಊರಿಗೆ ಬರಲಿ.

ಐದು, ಬೆಟ್ಟದ ನೀರು ಕುಡಿಯುವ ನಗರ ಬೆಟ್ಟಕ್ಕೆ ಸಲ್ಲಿಸಬೇಕಾದ ಪಾಲು. ನೀರಿನ ಬಿಲ್ಲಿನಲ್ಲಿ ಒಂದು ಸಣ್ಣ ಭಾಗ ಹೇಮಾವತಿ, ಭದ್ರೆಯರ ತವರಿನ ಶೋಲಾ, ಹುಲ್ಲುಗಾವಲು, ಹಡ್ಲು ಗದ್ದೆ ಉಳಿಸುವವರಿಗೆ ಹೋಗಲಿ. ಗದ್ದೆಯನ್ನು ಗದ್ದೆಯಾಗಿ ಉಳಿಸಿದ ರೈತ ಬೆಂಗಳೂರಿನ ನೀರು ಕಾಯುವ ಕೆಲಸ ಮಾಡುತ್ತಿದ್ದಾನೆ. ಅವನಿಗೆ ಸಂಬಳ ಇಲ್ಲ.

ಇದನ್ನೆಲ್ಲ ಕೇಳುವ ದಾರಿ ಯಾವುದು? ಮಾಹಿತಿ ಹಕ್ಕು ಕಾಯ್ದೆ, 2005. ಹತ್ತು ರೂಪಾಯಿ ಶುಲ್ಕ, ಒಂದು ಹಾಳೆ, ಕನ್ನಡದಲ್ಲಿ ಅರ್ಜಿ. ಮಾಹಿತಿ ಹಂಚುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕು ಎಂದು ಅದೇ ಕಾಯ್ದೆಯ 4ನೇ ಕಲಂನಲ್ಲಿ ಬರೆದಿದೆ. ಇಂಗ್ಲಿಷ್ ಬಲ್ಲ ನೀವು, ಐಟಿ ಕಂಪನಿಗಳಲ್ಲಿ, ಕಾಲೇಜುಗಳಲ್ಲಿ ಇರುವ ನೀವು, ಒಂದು ವರದಿಯನ್ನು ಹತ್ತು ಜನ ಹಂಚಿಕೊಂಡು ಕನ್ನಡಕ್ಕೆ ತನ್ನಿ. ತಂದು ಕಳಸದ ಸಂತೆಯಲ್ಲಿ ಓದಿ ಹೇಳಿ. ವಾರಾಂತ್ಯಕ್ಕೆ ಮುಳ್ಳಯ್ಯನಗಿರಿಗೆ ಬರಲು 2025ರಲ್ಲಿ ಆನ್‌ಲೈನ್ ನೋಂದಣಿ ತಂದರಲ್ಲ, ಸಾಲುಗಟ್ಟಿ ಹೆಸರು ಬರೆಸಿದಿರಿ. ಅದೇ ಹುರುಪಿನಲ್ಲಿ ಒಂದು ಸಲ ಗ್ರಾಮಸಭೆಯಲ್ಲೂ ಬಂದು ಕೂತುಕೊಳ್ಳಿ. ನಿಮ್ಮ ಊರಿನ ವಾರ್ಡಿನಲ್ಲಿ ಮಾಸ್ಟರ್ ಪ್ಲಾನ್ ಕೇಳಿ. ಕೊಡದಿದ್ದರೆ ಮತ್ತೆ ಕೇಳಿ.

ಕನ್ನಡಕ್ಕಾಗಿ ಕೈ ಎತ್ತುವುದು ಎಂದರೆ ಹಾಡಿಗೆ, ಸಿನಿಮಾಕ್ಕೆ, ಬೋರ್ಡಿಗೆ ಮಾತ್ರ ಎಂದು ತಿಳಿದಿರುವವರು ನಮ್ಮನ್ನು ನೋಡಿ ನಿಶ್ಚಿಂತೆಯಿಂದ ಇದ್ದಾರೆ. ಅಂದಾಜು ಪಟ್ಟಿಯೂ, ಗುತ್ತಿಗೆಯ ಷರತ್ತೂ, ಅಣೆಕಟ್ಟೆಯ ನಕ್ಷೆಯೂ ಕನ್ನಡದಲ್ಲಿ ಬೇಕು ಎಂದು ನೀವು ಕೇಳಿದ ದಿನ ಅವರ ನಿದ್ದೆ ಕೆಡುತ್ತದೆ. ಸೋಮವಾರ ನೀವೆಲ್ಲ ಊರಿಗೆ ಹೋಗುತ್ತೀರಿ. ಮೊದಲ ಅರ್ಜಿ ಅವತ್ತೇ ಹೋಗಲಿ. ಅದರ ಪ್ರತಿಯನ್ನು ನಮಗೂ ಕಳಿಸಿ, ಇದೇ ಪತ್ರಿಕೆಯಲ್ಲಿ ಅಚ್ಚು ಹಾಕೋಣ.

 ಜೈ ಕರ್ನಾಟಕ.